ಮೇಲಿನ ಗುಂಡಿ

ಫೆಬ್ರುವರಿ ೧೧, ಮಂಗಳವಾರ

ಅಪ್ಪುಗೆಯ ಸದ್ದು ಇವತ್ತೂ ಸರಿಬರಲಿಲ್ಲ. ಸಿನಿಮಾಗಳಿಗೆ ಹೆಜ್ಜೆ, ಬಾಗಿಲು, ಬಟ್ಟೆಗಳ ಸದ್ದು ಮಾಡಿಕೊಡುತ್ತ ಇಪ್ಪತ್ತು ವರ್ಷವಾಯಿತು. ಒಂದು ಅಪ್ಪುಗೆ ನನ್ನ ಜೀವ ಹಿಂಡುತ್ತಿದೆ.

ದೃಶ್ಯ ಇಷ್ಟೇ. ಗ್ಯಾಂಗಿನವನೊಬ್ಬ ಗುಟ್ಟಾಗಿ ಪೊಲೀಸರ ಕಡೆ ಸೇರಿ, ಅಂಗಿಯೊಳಗೆ ಮೈಕು ಅಂಟಿಸಿಕೊಂಡು ಬಂದಿದ್ದಾನೆ. ಏನೂ ತಿಳಿಯದ ಬಾಸು ಅವನನ್ನು ಅಪ್ಪಿಕೊಳ್ಳುತ್ತಾನೆ.

ಇದು ನಿಜವಾಗಿ ನಡೆದದ್ದು; ಅಂದು ಹಾಗೆ ಮೈಕು ಅಂಟಿಸಿಕೊಂಡು ಹೋಗಿದ್ದವರು ಈಗ ಮುದುಕರು, ಸಲಹೆ ಕೊಡಲೆಂದು ಮೂಲೆಯಲ್ಲಿ ಕೂತಿದ್ದರು. ನಾನು ಮೈಕಿನ ಮುಂದೆ ಬಟ್ಟೆ ಉಜ್ಜುತ್ತಿದ್ದಾಗ ಎದ್ದು ಬಂದರು.

"ಅಷ್ಟು ಜೋರಾಗಿ ಅಲ್ಲಮ್ಮ. ನಮ್ಮ ಬಾಸು, ಅಣ್ಣ ಅಂತಿದ್ವಿ, ಅವನ ಕೈ ಅಂಗಿಯೊಳಗಿನ ಮೈಕಿನ ವೈರಿನ ಮೇಲೆ ಬಂದು ಅಲ್ಲೇ ನಿಂತುಬಿಡ್ತು."

"ಹಾಗಾದ್ರೆ ಅವರಿಗೆ ಗೊತ್ತಾಯ್ತಾ?"

"ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಅವನೇ ಹಾಕಿದ. 'ಚಳಿ ಇದೆ ಕಣೋ, ಇದನ್ನ ಬಿಚ್ಚಬೇಡ' ಅಂದ. ಅವತ್ತು ಸುಡೋ ಬಿಸಿಲು. ಆಮೇಲೂ ಒಂದು ಗಂಟೆ ಕೂತು ಎಲ್ಲಾ ಮಾತಾಡಿದ. ಆ ಮಾತಿಗೇ ಅವನಿಗೆ ಜೀವಾವಧಿ ಆಯ್ತು."

ನಿರ್ದೇಶಕ ಗಡಿಯಾರ ನೋಡಿಕೊಂಡ. "ಚೆನ್ನಾಗಿದೆ ಸರ್, ಆದ್ರೆ ಜನ ನಂಬಲ್ಲ. ಮೇಡಂ, ಇನ್ನೊಂದ್ಸಲ ಜೋರಾಗಿ ಉಜ್ಜಿ."

ಉಜ್ಜಿದೆ. ಹೊಟ್ಟೆಪಾಡು.

ಗುಂಡಿ ಹಾಕುವ ಸದ್ದು ಹೇಗಿರುತ್ತದೆಂದು ಈಗ ನನ್ನ ಅಂಗಿಯಲ್ಲೇ ಹಾಕಿ ನೋಡಿದೆ. ಏನೂ ಕೇಳಿಸುವುದಿಲ್ಲ.

ಬೇರೆ ಸದ್ದು ಬೀಳಬಾರದೆಂದು ಬೆಳಿಗ್ಗೆ ರೆಕಾರ್ಡಿಂಗ್ ಕೋಣೆಯ ಫ್ಯಾನು, ಎಸಿ ಎಲ್ಲ ಆರಿಸಿದ್ದರು. ನಾವೆಲ್ಲ ಬೆವರಿನಲ್ಲಿ ತೊಯ್ದುಹೋಗಿದ್ದೆವು. ಮುದುಕರ ಅಂಗಿಗೆ ಮಾತ್ರ ಕತ್ತಿನವರೆಗೂ ಗುಂಡಿ ಹಾಕಿತ್ತು.