ರೋಗಿಯ ಮಗನ ದನಿ

ಜೂನ್ 9, ಸೋಮವಾರ

ಲ್ಯಾಬಿನಲ್ಲಿ ಇವತ್ತೂ ರೋಗಿಯ ಮಗನಾದೆ. ನಮ್ಮ ನರ್ಸಿಂಗ್ ಹುಡುಗಿಯರು ಹೆಡ್‌ಸೆಟ್ ಹಾಕಿಕೊಂಡು ಕಂಪ್ಯೂಟರಿನೊಳಗಿನ ವಾರ್ಡಿಗೆ ಹೋಗುತ್ತಾರೆ. ಪಕ್ಕದ ಕೋಣೆಯಿಂದ ಮೈಕಿನಲ್ಲಿ ಬೈಯುವುದು ನನ್ನ ಕೆಲಸ. ನನ್ನ ದನಿ ಅಲ್ಲಿ ಗಂಡಸಿನದಾಗುತ್ತದೆ. ಸಿಟ್ಟಾದ ಸಂಬಂಧಿಕರನ್ನು ಸಮಾಧಾನ ಮಾಡುವುದು — ಇದೇ ಪಾಠ. ನರ್ಸಾಗಿದ್ದಾಗ ಕೇಳಿಸಿಕೊಂಡದ್ದನ್ನೆಲ್ಲ ಬಡ್ಡಿ ಸಮೇತ ವಾಪಸ್ ಕೊಟ್ಟೆ. ನಿಜ ಹೇಳಬೇಕೆಂದರೆ, ಮಜಾ ಬರುತ್ತದೆ.

ಕೊನೆಗೆ ಪಿಸುಮಾತಿನ ಸರದಿ. ಆ ಹುಡುಗಿಗೆ ಈ ಹೆಸರು ನಾನಿಟ್ಟದ್ದೇ — ಕ್ಲಾಸಿನಲ್ಲಿ ಅವಳ ದನಿ ಮೊದಲ ಬೆಂಚನ್ನೂ ದಾಟುವುದಿಲ್ಲ. "ಬಾಯಿ ಬಿಟ್ಟು ಮಾತಾಡಕ್ಕೂ ಬರಲ್ವಾ? ನಿನ್ನಂಥೋಳ ಕೈಗೆ ನಮ್ಮಪ್ಪನ್ನ ಯಾರು ಕೊಟ್ರು?" ಅಂದೆ. ಪರದೆಯ ಮೇಲೆ ಅವಳ ಬದಲು ಓಡಾಡುವ ಗೊಂಬೆ ಕೈ ಇಳಿಬಿಟ್ಟು ನಿಂತೇ ಇತ್ತು. ನನ್ನ ಪಕ್ಕ ಕೂತಿದ್ದ ಟೆಕ್ನಿಷಿಯನ್ ಬಿದ್ದು ಬಿದ್ದು ನಕ್ಕ. ನಾನೂ.

ಜೂನ್ 12, ಗುರುವಾರ

ಪಿಸುಮಾತು ಬಂದಿಲ್ಲ. ಜ್ವರ ಇರಬೇಕು.

ಜೂನ್ 27, ಶುಕ್ರವಾರ

ಜ್ವರವಲ್ಲ. ಓದನ್ನೇ ಬಿಟ್ಟಳಂತೆ. ಹಾಸ್ಟೆಲಿನ ಹಾಸಿಗೆ ಸುತ್ತಿಟ್ಟು ಅಕ್ಕನ ಮನೆಗೆ ಹೋದಳು ಎಂದು ರೂಮ್‌ಮೇಟ್ ಹೇಳಿದಳು... ಮನೆಯಲ್ಲಿ ಇವರ ಮುಂದೆ ಹೇಳಿಕೊಂಡೆ. "ನಿನ್ನ ಬಾಯಿಗೆ ಬ್ರೇಕೇ ಇಲ್ಲ ಕಣೇ" ಅಂದರು. ತಮಾಷೆಗೇ. ಊಟ ಸೇರಲಿಲ್ಲ.

ಜುಲೈ 6, ಭಾನುವಾರ

ಪಿಸುಮಾತಿನ ಅಕ್ಕನ ಟೈಲರ್ ಅಂಗಡಿ ಹುಡುಕಿಕೊಂಡು ಹೋದೆ. ಪಿಸುಮಾತು ಬಟ್ಟೆಗೆ ಗುಂಡಿ ಹಾಕುತ್ತ ಕೂತಿದ್ದಳು. ಎದ್ದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅಕ್ಕ ಮೆಷಿನ್ ನಿಲ್ಲಿಸಲಿಲ್ಲ.

"ಅದು ಪಾಠ ಕಣಮ್ಮ. ನಾಳೆ ನಿಜವಾದ ವಾರ್ಡಲ್ಲಿ ಇದಕ್ಕಿಂತ ಜೋರಾಗಿ ಬೈತಾರೆ" ಅಂದೆ.

"ಬೈದಿದ್ದಕ್ಕಲ್ಲ ಮೇಡಂ. ಏನ್ ಹೇಳ್ಲಿ ಅಂತ ಯೋಚಿಸ್ತಾ ಇದ್ದೆ. ಇನ್ನೇನು ಬಾಯಿ ತೆಗೀಬೇಕು, ನೀವಿಬ್ರೂ ನಕ್ಕಿದ್ದು ಕೇಳಿಸ್ತು. ಮೈಕ್ ಆನ್ ಇತ್ತು."

ಕೂತಲ್ಲೇ ಕುಗ್ಗಿಹೋದೆ.

"ತಪ್ಪಾಯ್ತಮ್ಮ. ವಾಪಸ್ ಬಾ. ಇನ್ಯಾರೂ ನಗಲ್ಲ."

"ಗೊತ್ತು ಮೇಡಂ. ಆದ್ರೆ ನಂಗೆ ಕೇಳಿಸ್ತಾನೇ ಇರುತ್ತೆ."

ಎಷ್ಟು ಸ್ಪಷ್ಟವಾಗಿ ಹೇಳಿದಳು! ಮೆಷಿನ್ನಿನ ಸದ್ದಿನಲ್ಲೂ ಒಂದಕ್ಷರ ತಪ್ಪದೆ ಕೇಳಿಸಿತು.

ಜುಲೈ 14, ಸೋಮವಾರ

ನಾಳೆಯಿಂದ ಹೊಸ ಬ್ಯಾಚ್. ಮೀಟಿಂಗಿನಲ್ಲಿ ಎಲ್ಲರೆದುರೇ ಆದದ್ದನ್ನು ಹೇಳಿಬಿಡಬೇಕೆಂದು ಗಟ್ಟಿಮನಸ್ಸು ಮಾಡಿಕೊಂಡು ಹೋಗಿದ್ದೆ. "ಸರ್, ಆ ಬೈಯೋ ಪಾತ್ರ ಇನ್ಮೇಲೆ ನಂಗೆ ಬೇಡ" ಎಂದು ಶುರು ಮಾಡಿದೆ. ಪ್ರಿನ್ಸಿಪಾಲರು ಮುಂದೆ ಹೇಳಲು ಬಿಡಲಿಲ್ಲ. "ನಿಮ್ಮಷ್ಟು ಚೆನ್ನಾಗಿ ಇನ್ಯಾರ್ರೀ ಬೈತಾರೆ?" ಅಂದರು. ರೂಮಿಗೆ ರೂಮೇ ಗೊಳ್ಳೆಂದಿತು. ಪಿಸುಮಾತಿನ ವಿಷಯ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಜೊತೆ ನಾನೂ ನಕ್ಕೆ.