ಹಗಲಲ್ಲಿ ಹಾಕಬಾರದ ಬಾಗಿಲು

ಶಿವಾಜಿನಗರ, 12-3-1998

ಮನೆ ಮಾಲೀಕರಾದ ಬೈಲಪ್ಪನವರಿಗೆ ನಮಸ್ಕಾರ.

ಬಾಗಿಲಿಗೆ ಬಣ್ಣ ಹೊಡೆಸಿಕೊಡಿ. ಎಷ್ಟು ತಿಕ್ಕಿದರೂ ರಕ್ತದ ಕಲೆ ಹೋಗುತ್ತಿಲ್ಲ.

ಈ ಇಕ್ಕಟ್ಟು ಗಲ್ಲಿಯಲ್ಲಿ ತಳ್ಳುಗಾಡಿ ಬಂದರೆ ನಡೆಯುವವರು ಹತ್ತಿರದ ಮನೆಯ ಹೊಸ್ತಿಲು ದಾಟಿ ನಿಲ್ಲುತ್ತಾರೆ, ಅದಕ್ಕೇ ಹಗಲಲ್ಲಿ ಯಾರೂ ಬಾಗಿಲು ಹಾಕಬಾರದು ಎಂದು ಬಾಡಿಗೆಗೆ ಬಂದ ದಿನ ನೀವೇ ಹೇಳಿದ್ದಿರಿ.

ಮಂಗಳವಾರ ಮಧ್ಯಾಹ್ನ ಇಸ್ತ್ರಿ ಅಂಗಡಿಯ ಏಳುಮಲೈಯನ್ನು ಮೂವರು ಮಚ್ಚು ಹಿಡಿದು ಅಟ್ಟಿಸಿಕೊಂಡು ಬಂದರು. ಅವನು ನಮ್ಮ ಬಾಗಿಲಿಗೆ ಬಂದು, ಗಾಡಿ ಬಂದಾಗ ಕೇಳುವ ಹಾಗೆಯೇ, “ಅಕ್ಕಾ, ಸ್ವಲ್ಪ ಜಾಗ ಕೊಡಕ್ಕಾ” ಎಂದ.

ನಾನು ಬಾಗಿಲು ಹಾಕಿ ಚಿಲಕ ಜಡಿದೆ. ಬೆನ್ನು ಕೊಟ್ಟು ನಿಂತಾಗ ಒಂದೊಂದು ಏಟೂ ಹಲಗೆ ದಾಟಿ ನನಗೆ ತಾಕಿತು. ಅವನು ಉಳಿಯಲಿಲ್ಲ.

ಬಣ್ಣದವನು ಬಂದಾಗ ಆ ಚಿಲಕವನ್ನೂ ಕೀಳಿಸಿ. ಇದ್ದರೆ ನನ್ನ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ.

ಇಂತಿ ನಿಮ್ಮ ಬಾಡಿಗೆಯವಳು,
ಜಟ್ಟೆಮ್ಮ