ವೆಂಡೆಲ್‌ಗೆ ಕಾಣುವ ಬಣ್ಣ

ಆಗಸ್ಟ್ ೧೯, ಮಂಗಳವಾರ

ಚಳಿಗಾಲದ ಹೊತ್ತಿಗೆ ವೆಂಡೆಲ್‌ನ ದೃಷ್ಟಿ ಎಷ್ಟು ಉಳಿಯುತ್ತದೋ ಹೇಳಲಾರೆ ಎಂದು ಡಾಕ್ಟರ್ ಅಂದಾಗಿನಿಂದ ನನಗೆ ಅಂಗಳದ್ದೇ ಚಿಂತೆ. ಓಹಾಯೊದ ಬಿಸಿಲಿಗೆ ನಮ್ಮ ಹೂವೆಲ್ಲ ಜುಲೈಗೇ ಮುಗಿದುಹೋದವು. ಹಿಮ ಬೀಳುವವರೆಗೂ ಬಣ್ಣ ಉಳಿಸುವ ಗಿಡ ಹುಡುಕಲು ಇವತ್ತು ಅವನನ್ನು ನರ್ಸರಿಗೆ ಕರೆದುಕೊಂಡು ಹೋದೆ.

ಕುಂಡಗಳನ್ನು ಒಂದೊಂದಾಗಿ ಅವನ ಮುಖದ ಹತ್ತಿರ ಹಿಡಿದೆ. ನೇರಳೆ ಆಸ್ಟರನ್ನು ಕಪ್ಪು ಎಂದ. ಸೀಡಮ್‌ನ ಗುಲಾಬಿ ಗೊಂಚಲನ್ನು ಬೆರಳಿನಿಂದ ಮುಟ್ಟಿ ನೋಡಿದ. ನೆಲಕ್ಕೆ ಹಬ್ಬುವ, ಚಳಿಗೆ ಎಲೆ ಕೆಂಪಾಗುವ ಗಿಡವೊಂದು ನನಗೆ ಹಿಡಿಸಿತು.

"ನೆಲ ತುಂಬೋಕೆ ಮೂರು ವರ್ಷ ಬೇಕು," ಎಂದಳು ಅಂಗಡಿಯಾಕೆ. "ಆಮೇಲೆ ಗಂಡ ಹೆಂಡ್ತಿ ಇಬ್ರೂ ಆರಾಮಾಗಿ ಕೂತು ನೋಡ್ಬಹುದು."

ವೆಂಡೆಲ್ ನಕ್ಕ. "ಅದನ್ನೇ ತಗೋ ಥಿಯಾ. ನೋಡೋಳು ನೀನು ತಾನೆ?"

"ನಂಗೇನೂ ಬೇಡ."

"ಸುಳ್ಳಿ. ಕೆಂಪು ಅಂದ್ರೆ ಪ್ರಾಣ ಬಿಡ್ತೀಯ."

ಸಂಜೆ ಅವನೇ ಮೊಣಕಾಲೂರಿ, ಮಣ್ಣು ತಡವುತ್ತ ಎಲ್ಲವನ್ನೂ ನೆಟ್ಟ. ಸಾಲು ನೆಟ್ಟಗಿದೆಯಾ ಎಂದು ಕೇಳಿದ. ಸೊಟ್ಟಗಿತ್ತು. ನೆಟ್ಟಗಿದೆ ಅಂದೆ. ತಿರುಗಿ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಎಷ್ಟು ಕಾಣಿಸಿತೋ. ಕೇಳುವ ಧೈರ್ಯ ನನಗೆ ಬರಲಿಲ್ಲ.